ಹಸಿ ರಾಶಿ, ಒಣ ರಾಶಿ ಮತ್ತು ತಮ್ಮನ ಬೆಟ್ಟಗಳು

ಅದು ಭಾನುವಾರ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಅಂಗಡಿಗೆ ರಜೆ. ಪಹಣಿ, ರೇಷನ್ ಕಾರ್ಡು, ಪರೀಕ್ಷೆಯ ಅರ್ಜಿ, ಜೆರಾಕ್ಸು, ಇಷ್ಟು ನಮ್ಮ ಅಂಗಡಿಯ ಕೆಲಸ. ತಮ್ಮ ಅದನ್ನು ಶುರು ಮಾಡಿದ. ನಾನು ಪಿಯುಸಿಗೆ ನಿಲ್ಲಿಸಿದವಳು, ಟೈಪಿಂಗ್ ಕಲಿತು ಅವನ ಜೊತೆ ಕೂತೆ. ಮದುವೆಯಾಗಿ ತವರಿನ ಊರಲ್ಲೇ ಎರಡು ಬೀದಿ ಆಚೆಗಿದ್ದೇನೆ. ಊರು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಮೇಲೇ ಇದೆ.

ಆ ಭಾನುವಾರ ತವರುಮನೆಯಲ್ಲಿ ಅರಿಶಿನ ಬೇಯಿಸಿದ್ದರು. ಬೆಂದ ಕೊಂಬುಗಳನ್ನು ಮನೆ ಮುಂದಿನ ಸಿಮೆಂಟ್ ಕಣದಲ್ಲಿ ರಾಶಿರಾಶಿಯಾಗಿ ಸುರಿದು, ಹಿಡಿ ಹಾಕಿದ ಹಲಗೆಯಿಂದ ಎಳೆದು ಹರಡುತ್ತಿದ್ದೆವು. ತಮ್ಮ ಮಾತ್ರ ಹಜಾರದಲ್ಲಿ ಕಂಪ್ಯೂಟರ್ ಮುಂದೆ. ಬಾಗಿಲು ತೆರೆದಿತ್ತು. ಅವನ ಬೆನ್ನು ನನಗೆ ಕಾಣುತ್ತಿತ್ತು.

"ಅಕ್ಕ, ಬಾ ಇಲ್ಲಿ. ಒಂದ್ ನಿಮ್ಸ ನೋಡ್ಬುಟ್ಟು ಓಗು."

"ಕೈಯೆಲ್ಲ ಅರಿಸ್ನ ಕಣ್ಲಾ. ನಾನ್ ಮುಟ್ಟಿದ್ರೆ ನಿನ್ ಕೀಬೋರ್ಡ್‌ಗೆ ಮದ್ವೆ ಆಯ್ತದೆ."

"ಆಗ್ಲಿ ಬುಡು. ನಂಗಂತೂ ಆಗ್ನಿಲ್ಲ, ಅದ್ಕಾದ್ರೂ ಆಗ್ಲಿ."

ಕಣದಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮೂವತ್ನಾಲ್ಕು ವರ್ಷವಾದರೂ ಮದುವೆಯಾಗದ ಗಂಡು ಊರಿಗೆಲ್ಲ ಒಂದು ತಮಾಷೆ. ಅದನ್ನು ಮೊದಲು ಆಡುತ್ತಿದ್ದವನು ಅವನೇ.

"ಎರಡು ಬೆಟ್ಟದ ಸಾಲು ಬಂದು ಒಂದ್ ಮೂಲೇಲಿ ಕೂಡ್ಕಂಡವೆ ಕಣಕ್ಕ. ನಮ್ ಕಡೆ ತರಾನೆ. ಗೋಡೆ ತರ ಇಲ್ಲ, ಬೆಟ್ಟದ ತರ ಅವೆ. ನಂಬರ್ ಬರ್ಕೊ ಬಾ."

"ಆಮೇಕೆ ಬರ್ಕೋತೀನಿ, ಇರು."

ಅವನು ಕೂತಲ್ಲಿಂದಲೇ ಆರು ಅಂಕಿಯ ಒಂದು ಸಂಖ್ಯೆ ಕೂಗಿ ಹೇಳಿದ. ನಾನು ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಅವನು ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತು, "ನಂಬರ್ ತಲೇಲಿ ಅದೆ, ನಾಳೆ ತೆಗಿತೀನಿ" ಎಂದು ಹೇಳಿ ಊಟಕ್ಕೆ ಹೋದ.

ಮಾರನೆಯ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಅವನಿಗೆ ಎದೆ ಹಿಡಿಯಿತು. ಆಟೋದಲ್ಲಿ ಗುಂಡ್ಲುಪೇಟೆ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ. ದಾರಿ ನಮ್ಮ ಊರಿನ ಮುಂದೆಯೇ. ಅವ್ವ ಕಣದಲ್ಲಿ ಬಗ್ಗಿ ಅರಿಶಿನ ತಿರುವುತ್ತಿದ್ದದ್ದು ನನಗೆ ಕಿಟಕಿಯಲ್ಲಿ ಕಂಡಿತು. ಸೈರನ್ ಕೇಳಿ ಅವಳು ತಲೆ ಎತ್ತಿ, ಯಾರಿಗೋ ಏನೋ ಅನ್ನುವಂತೆ ನೋಡಿ, ಮತ್ತೆ ಬಗ್ಗಿದಳು. ಚಾಮರಾಜನಗರ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟ.

ಅವನು ಮಾಡುತ್ತಿದ್ದದ್ದು ಏನು ಎಂದು ಈಗ ಹೇಳಬೇಕು. ಕಂಪ್ಯೂಟರಿನಲ್ಲಿ ಆಡುವ ಆಟಗಳಲ್ಲಿ ರಾಜ್ಯ ಕಟ್ಟುವ ಆಟ ಎಂದು ಒಂದು ಜಾತಿ. ಆಡುವವರಿಗೆ ತಲಾ ಒಂದು ಜಾಗ ಸಿಗುತ್ತದೆ. ಬೇಸಾಯ ಮಾಡಿ, ಊರು ಕಟ್ಟಿ, ಸೈನ್ಯ ಕೂಡಿಸಿ ಒಬ್ಬರ ಮೇಲೊಬ್ಬರು ಹೋಗುತ್ತಾರೆ. ಪ್ರತಿ ಸಲ ಆಡುವಾಗಲೂ ಹೊಸ ಲೋಕ ಬೇಕು, ಇಲ್ಲದಿದ್ದರೆ ಬೇಜಾರು. ಆ ಲೋಕದ ನಕ್ಷೆಯನ್ನು ತಾನೇ ಹುಟ್ಟಿಸುವ ಪ್ರೋಗ್ರಾಮ್ ಬರೆಯುವುದು ತಮ್ಮನ ಪಾಲಿನ ಕೆಲಸ. ಒಂದು ಸಂಖ್ಯೆ ಕೊಟ್ಟರೆ ಒಂದು ಲೋಕ ಹುಟ್ಟುತ್ತದೆ. ಅದೇ ಸಂಖ್ಯೆ ಮತ್ತೆ ಕೊಟ್ಟರೆ ಅದೇ ಲೋಕ. ಚೆನ್ನಾಗಿ ಬಂದ ಲೋಕದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುವುದು ನನ್ನ ಕೆಲಸ.

ಬೇರೆಯವರು ಬೆಟ್ಟಗಳನ್ನು ಎಲ್ಲೆಂದರಲ್ಲಿ ಎರಚಿಬಿಡುತ್ತಾರಂತೆ. ಇವನಿಗೆ ಅದು ಆಗದು. "ಕಾರಣ ಇಲ್ದಿರೋ ಬೆಟ್ಟ ನಂಗ್ ಬ್ಯಾಡ" ಅನ್ನುತ್ತಿದ್ದ. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಅವು ನಿಧಾನವಾಗಿ ಜರುಗುತ್ತಿವೆ, ಒಂದಕ್ಕೊಂದು ಗುದ್ದಿದ ಕಡೆ ಬೆಟ್ಟ ಏಳುತ್ತದೆ, ಬಿಟ್ಟುಹೋದ ಕಡೆ ಕಡಲಾಗುತ್ತದೆ ಎಂದು ಹೈಸ್ಕೂಲಿನಲ್ಲಿ ನಾನೂ ಓದಿದ್ದೆ. ಅವನು ಅದನ್ನೇ ಕಂಪ್ಯೂಟರಿನಲ್ಲಿ ನಡೆಸುತ್ತಿದ್ದ. ಹಾಲು ಕಾಯುವಷ್ಟು ಹೊತ್ತಿನಲ್ಲಿ ಕೋಟ್ಯಂತರ ವರ್ಷ ಮುಗಿಯುತ್ತಿತ್ತು. ಬೆಟ್ಟ ಎಲ್ಲಿ ಎಂದು ಗೊತ್ತಾದರೆ ಮಳೆ ಎಲ್ಲಿ, ನದಿ ಎಲ್ಲಿ, ಅದಿರು ಎಲ್ಲಿ ಎಂಬುದು ತಾನಾಗಿ ಬರುತ್ತದೆ ಎಂಬುದು ಅವನ ಲೆಕ್ಕ.

ಆದರೆ ಬೆಟ್ಟಗಳು ಕೈಕೊಡುತ್ತಿದ್ದವು. ಎರಡು ಫಲಕ ಕೂಡುವ ಗೆರೆಯ ಮೇಲೆ ಸರಿಯಾಗಿ ಎದ್ದು, ಕಾಂಪೌಂಡ್ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವು. ನೂರಕ್ಕೆ ತೊಂಬತ್ತು ಲೋಕ ಸೈಟು ಬಿಡಿಸಿದ ಹಾಗೆ ಕಾಣುತ್ತಿದ್ದವು.

ಹನ್ನೊಂದನೇ ದಿನದ ಕಾರ್ಯಕ್ಕೆ ಸುಲ್ತಾನ್ ಬತ್ತೇರಿಯಿಂದ ಅವನ ಗೆಳೆಯ ಬಂದ. ಬಂಡೀಪುರದ ಕಾಡು ದಾಟಿದರೆ ಅವನ ಊರು. ಅವನ ಅಪ್ಪ ಓಣಂ ಹೊತ್ತಿಗೆ ನಮ್ಮ ಕಡೆಯ ಚೆಂಡುಹೂ ಕೊಳ್ಳಲು ಬರುತ್ತಿದ್ದವರು, ಆ ಓಡಾಟದಲ್ಲೇ ಅವನು ಕನ್ನಡ ಕಲಿತದ್ದು. ಆ ಆಟ ಮಾಡುತ್ತಿದ್ದವರು ನಾಲ್ವರು. ಊರು ಕಟ್ಟುವುದು, ಸೈನ್ಯ ನಡೆಸುವುದು ಈ ಗೆಳೆಯನ ಪಾಲಿನದು. ನನ್ನನ್ನು ಅವನು ಕರೆಯುವುದು ಚೇಚಿ ಎಂದು, ಅವರ ಭಾಷೆಯಲ್ಲಿ ಅಕ್ಕ. ಎಲೆ ಎತ್ತಿದ ಮೇಲೆ ನೆಲ ನೋಡುತ್ತಾ ಹೇಳಿದ.

"ಚೇಚಿ, ಒಂದು ಮಾತು. ಓಣಂಗೆ ಆಟ ಹೊರಗೆ ಬರ್ಬೇಕು. ನಕ್ಷೆ ಯುಗಾದಿ ಒಳಗೆ ಸರಿ ಆಗ್ಲಿಲ್ಲ ಅಂದ್ರೆ, ಬೇರೆಯವರು ಮಾಡಿಟ್ಟಿರೋದು ಸಿಗ್ತದೆ, ಅದನ್ನ ಹಾಕೋಣ ಅಂತಾರೆ ಉಳಿದವರು."

"ಇವನು ಮಾಡಿದ್ದು?"

"ಬಿಡ್ಬೇಕಾಗ್ತದೆ."

"ನೀವೇ ಸರಿ ಮಾಡಕ್ಕಾಗಲ್ವಾ?"

"ನೋಡಿದೆ ಚೇಚಿ. ಒಂದು ವಾರ ನೋಡಿದೆ. ಅವನು ಎಲ್ಲಾದಕ್ಕೂ ನಿಮ್ಮ ಮನೆ ಹೆಸರು ಇಟ್ಟಿದಾನೆ. ನನಗೆ ತಲೆಬುಡ ಗೊತ್ತಾಗ್ಲಿಲ್ಲ."

ಅವನು ಹೇಳಿದ್ದು ನಿಜ. ತಮ್ಮ ಪ್ರೋಗ್ರಾಮಿನಲ್ಲಿ ಪ್ರತಿಯೊಂದಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೆಸರು ಇಟ್ಟಿದ್ದ. ಲೋಕಕ್ಕೆ ಕಣ. ಫಲಕಕ್ಕೆ ರಾಶಿ. ಬೆಟ್ಟಕ್ಕೆ ದಿಬ್ಬ. ಕಡಲಿಗೆ ಗುಳಿ. ಮತ್ತೆ ತೂಕ, ದಿನ. ನಮ್ಮ ಮನೆ ಮುಂದಿನ ಕಣದಲ್ಲಿ ಅರಿಶಿನ ಹರಡುವುದನ್ನು ನೋಡಿಕೊಂಡೇ ಅವನು ಅಷ್ಟನ್ನೂ ಬರೆದಿದ್ದ. ಹಾಗಾಗಿ ನನಗೆ ಅದು ಅಲ್ಲಲ್ಲಿ ಓದಲು ಬರುತ್ತಿತ್ತು. ಅಂಗಡಿಗೆ ಗಿರಾಕಿ ಬಂದಾಗ ಅವನು ಎದ್ದು ಹೋಗಿ, "ಅಕ್ಕ, ಆ ತೂಕ ಅನ್ನೋ ಕಡೆ ಎರಡಿರೋದನ್ನ ಮೂರು ಮಾಡಿ ಓಡ್ಸು" ಅನ್ನುತ್ತಿದ್ದ. ಎರಡು ವರ್ಷ ಹಾಗೆ ಓಡಿಸಿ ಓಡಿಸಿ, ಯಾವ ಸಾಲು ಮುಟ್ಟಿದರೆ ಏನಾಗುತ್ತದೆ ಎಂಬ ಅಂದಾಜು ನನಗಿತ್ತು. ಯಾಕಾಗುತ್ತದೆ ಎಂಬುದು ಗೊತ್ತಿರಲಿಲ್ಲ.

"ನಾನ್ ನೋಡ್ತೀನಿ" ಅಂದೆ. ಅವನು ನನ್ನ ಮುಖ ನೋಡಿದ. ಬೇಡ ಅನ್ನಲಿಲ್ಲ. ರಾತ್ರಿ ಕಾಡಿನ ಗೇಟು ಹಾಕುವ ಮೊದಲು ದಾಟಬೇಕೆಂದು ಬೇಗ ಹೊರಟ.

ಆಮೇಲೆ ದಿನವೂ ಅಂಗಡಿ ಮುಚ್ಚಿ ಬಂದು ಒಂದು ಗಂಟೆ ತಮ್ಮನ ಕುರ್ಚಿಯಲ್ಲಿ ಕೂರುತ್ತಿದ್ದೆ. ಸಾಲುಗಳನ್ನು ಓದುತ್ತಿದ್ದೆ. ಸಂಖ್ಯೆ ಬದಲಿಸಿ ಓಡಿಸುತ್ತಿದ್ದೆ. ಗೋಡೆ ಎತ್ತರವಾಗುತ್ತಿತ್ತು, ಇಲ್ಲವೆ ಗಿಡ್ಡವಾಗುತ್ತಿತ್ತು, ಗೋಡೆಯಾಗಿಯೇ ಉಳಿಯುತ್ತಿತ್ತು. ಅವನ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ "ತೂಕ?" ಎಂದು ಬರೆದು ಎರಡು ಸುತ್ತು ಹಾಕಿದ್ದ. ಅಷ್ಟೇ. ನಾನು ಆ ಎರಡು ಸುತ್ತನ್ನು ಎಷ್ಟು ನೋಡಿದರೂ ಅವು ಬಾಯಿ ಬಿಡಲಿಲ್ಲ.

ಅವ್ವ ಆ ಕಂಪ್ಯೂಟರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಜಾರ ಗುಡಿಸುವಾಗಲೂ ಆ ಮೂಲೆಗೆ ಬೆನ್ನು ಹಾಕಿಯೇ ಗುಡಿಸುತ್ತಿದ್ದಳು.

ಸಾವಾಯಿತೆಂದು ಹೊಲದ ಕೆಲಸ ನಿಲ್ಲುವುದಿಲ್ಲ. ಉಳಿದಿದ್ದ ಅರಿಶಿನವನ್ನು ಅಗೆದು, ಕೆಲವು ದಿನದ ಅಂತರದಲ್ಲಿ ಎರಡು ಸಲ ಬೇಯಿಸಿದೆವು. ಮುಯ್ಯಾಳಿಗೆ ನಾಲ್ಕು ಮನೆಯ ಹೆಂಗಸರು ಬಂದರು. ಈ ಸಲ ಅವರು ನಮ್ಮ ಕಣಕ್ಕೆ, ಅವರು ಬೇಯಿಸಿದಾಗ ನಾವು ಅವರ ಕಣಕ್ಕೆ. ಅವರಲ್ಲಿ ನಮ್ಮ ದೊಡ್ಡಮ್ಮ ಹಿರಿಯಳು, ಕಣದಲ್ಲಿ ಅವಳ ಮಾತೇ ಕೊನೆ.

ಕಣದ ಒಂದು ಅರ್ಧದಲ್ಲಿ ಆರು ದಿನ ಒಣಗಿದ ಅರಿಶಿನ. ಇನ್ನೊಂದು ಅರ್ಧದಲ್ಲಿ ನಿನ್ನೆ ಬೆಂದದ್ದು. ಸಂಜೆ ಇಬ್ಬನಿಗೆ ಹೆದರಿ ಎರಡನ್ನೂ ಬೇರೆ ಬೇರೆ ರಾಶಿ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಎಳೆದು ಹರಡಬೇಕು. ಹಸಿಗೂ ಒಣಗಿದ್ದಕ್ಕೂ ನಡುವೆ ಒಂದು ಮೊಳವಾದರೂ ಬರಿ ನೆಲ ಬಿಡುವುದು ಕಟ್ಟುನಿಟ್ಟು. ಸೇರಿದರೆ ಒಣಗಿದ್ದು ಮತ್ತೆ ತೇವ ಹಿಡಿದು ಬೂಸಲು ಬರುತ್ತದೆ. ಚಿಕ್ಕಂದಿನಿಂದ ಗೊತ್ತಿರುವ ವಿಷಯ. ಆ ಬೆಳಿಗ್ಗೆ ನನ್ನ ಮನಸ್ಸು ಎಲ್ಲಿತ್ತೋ. ಹಸಿ ರಾಶಿಯನ್ನು ಹಲಗೆಯಿಂದ ತಳ್ಳುತ್ತಾ ತಳ್ಳುತ್ತಾ ಹೋದೆ. ಗಲಗಲ ಸದ್ದಾಯಿತು.

"ಅಯ್ಯೋ, ಏನ್ ಮಾಡ್ಬುಟ್ಟೆ ಅಮ್ಮಿ! ಅಸಿದ್ನೂ ಒಣಗಿದ್ನೂ ಒಂದ್ ಮಾಡ್ಬುಟ್ಟಲ್ಲ! ಕಣ್ ಎಲ್ಲಿ ಇಟ್ಕಂಡಿದ್ದೀಯ?"

ದೊಡ್ಡಮ್ಮ ಓಡಿ ಬಂದಳು. ನಾನು ಹಲಗೆ ಹಿಡಿದು ನಿಂತೇ ಇದ್ದೆ. ಹಸಿ ಕೊಂಬು ಭಾರ, ಅದು ನೆಲ ಹಿಡಿದು ಒಣಗಿದ್ದರ ಅಡಿಗೆ ನುಗ್ಗಿತ್ತು. ಒಣಗಿದ್ದು ಹಗುರ, ಸದ್ದು ಮಾಡುತ್ತಾ ಮೇಲೆ ಹತ್ತಿತ್ತು. ಒಂದು ದಿಬ್ಬ ಎದ್ದಿತ್ತು. ಎರಡೂ ಕೂಡಿದ ಗೆರೆಯ ಮೇಲಲ್ಲ, ಅಲ್ಲಿಂದ ಒಂದು ಗೇಣು ಒಳಗೆ, ಒಣಗಿದ್ದರ ಕಡೆಗೆ. ನೆಟ್ಟಗೂ ಇರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುವೆ ಒಂದು ಬಳುಕು.

"ದೊಡ್ಡವ್ವ, ಮೊದಲ ಸಲ ಬೇಯ್ಸಿದಾಗ್ಲೂ ಎರಡು ರಾಶಿ ಸೇರ್ತಿತ್ತಲ್ಲ. ಆಗ್ಯಾಕೆ ಇಂಗ್ ಆಗ್ನಿಲ್ಲ?"

"ಆಗ ಎರಡೂ ಅಸಿನೆ ಅಲ್ವೇನೆ. ಯಾರ್ ಮೇಲ್ ಯಾರ್ ಅತ್ತಾರು? ಗುದ್ದಾಡ್ಕಂಡು ನಿಂತಲ್ಲೇ ನಿಂತವೆ. ಇವತ್ತು ಇದು ಆರು ದಿನದ್ದು. ತೂಕ ಎಲ್ಲದೆ ಇದ್ಕೆ?"

ತೂಕ. ತಮ್ಮನ ಸಾಲುಗಳಲ್ಲಿ ಪ್ರತಿ ರಾಶಿಗೂ ತೂಕ ಇತ್ತು. ಲೋಕ ಹುಟ್ಟಿದ ಮೊದಲ ದಿನ ಕೊಟ್ಟ ತೂಕ. ದಿನಗಳು ಕೋಟಿಗಟ್ಟಲೆ ಓಡುತ್ತಿದ್ದವು, ತೂಕ ಅಷ್ಟೇ ಇರುತ್ತಿತ್ತು. ಅವನ ಲೋಕದಲ್ಲಿ ಯಾವುದಕ್ಕೂ ವಯಸ್ಸಾಗುತ್ತಿರಲಿಲ್ಲ.

ಹಲಗೆ ಬಿಸಾಡಿ ಒಳಗೆ ಓಡಿದೆ. ಹಿಂದಿನಿಂದ ದೊಡ್ಡಮ್ಮ, "ಬಿಡಿಸೋರ್ ಯಾರೇ ಇದನ್ನ, ನಿಮ್ಮತ್ತೆನಾ?" ಎಂದು ಕೂಗುತ್ತಿದ್ದಳು. ಕೈ ತೊಳೆಯಲಿಲ್ಲ. ಕಂಪ್ಯೂಟರ್ ಹಾಕಿ, ಮೊದಲು ಅವನ ಪ್ರೋಗ್ರಾಮನ್ನು ಹಾಗೇ ಒಂದು ಕಡೆ ಕಾಪಿ ಮಾಡಿಟ್ಟೆ. ಆಮೇಲೆ ತೂಕ ಅನ್ನುವ ಕಡೆ ಒಂದು ಸಾಲು ಸೇರಿಸಿದೆ. ದಿನ ಹೋದಂತೆ ತೂಕದಲ್ಲಿ ಇಷ್ಟಿಷ್ಟು ಕಳೆ. ಒಣಗಿದಂತೆ ಹಗುರ. ನನ್ನ ಜೀವನದಲ್ಲಿ ನಾನೇ ಯೋಚಿಸಿ ಬರೆದ ಮೊದಲ ಸಾಲು ಅದು. ಓಡಿಸಿದೆ.

ಬಂದ ಲೋಕ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಡಲಿನ ತಳ ಮೇಲೆದ್ದು ನೆಲದ ಮೇಲೆ ಹತ್ತಿ ಕೂತಿತ್ತು. ಊರು ಕಟ್ಟಬೇಕಾದ ಜಾಗವೆಲ್ಲ ಅದರ ಅಡಿಗೆ ಹೋಗಿತ್ತು. ಆದರೂ ಒಂದು ಮಾತು ನಿಜ, ಗೋಡೆ ಇರಲಿಲ್ಲ. ಗೆಳೆಯನಿಗೆ ಫೋನ್ ಮಾಡಿ, ಏನು ಮಾಡಿದೆ, ಯಾಕೆ ಮಾಡಿದೆ ಎಂದು ಅರಿಶಿನದಿಂದ ಶುರುಮಾಡಿ ಹೇಳಿದೆ. ಆ ಕಡೆಯಿಂದ ನಗು. ತಮ್ಮ ಹೋದ ಮೇಲೆ ಅವನು ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು.

"ಚೇಚಿ, ಅರಿಶಿನ ಒಣಗ್ತದೆ. ಕಡಲಿನ ತಳ ಎಲ್ಲಿ ಒಣಗ್ತದೆ? ನೀರಲ್ಲೇ ಅಲ್ವಾ ಇರೋದು!"

"ಮತ್ತೆ?"

"ಅದು ಹುಟ್ಟುವಾಗ ಬಿಸಿ. ಬಿಸಿ ಇರುವಾಗ ಹಗುರ. ವಯಸ್ಸಾದ ಹಾಗೆ ಆರ್ತದೆ, ಭಾರ ಆಗ್ತದೆ, ಆಮೇಲೆ ಅಡಿಗೆ ಹೋಗ್ತದೆ. ನೆಲ ಮೊದಲಿಂದಲೂ ಹಗುರ, ಅದು ಮೇಲೇ ಇರ್ತದೆ."

"ಅಂಗಂದ್ರೆ ಅರಿಸ್ನ ಅಲ್ಲ, ಮುದ್ದೆ ಅನ್ನಿ. ಬಿಸೀಲಿ ಮೆತ್ತಗೆ, ಆರಿದ್ರೆ ಗುಂಡುಕಲ್ಲು."

"ಮುದ್ದೆ, ಮುದ್ದೆ! ಅದೇ! ನೀವು ಕಳೆದಿರೋದನ್ನ ಕೂಡಿ ನೋಡಿ. ಕಡಲಿಗೆ ಮಾತ್ರ. ನೆಲ ಮುಟ್ಟಬೇಡಿ."

ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ಕಡಲಿಗೆ ಮಾತ್ರ ಅನ್ನುವುದನ್ನು ಎಲ್ಲಿ ಬರೆಯಬೇಕೆಂದು ಅವನಿಂದ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡೆ. ಮೈನಸ್ ಅಳಿಸಿ ಪ್ಲಸ್ ಹಾಕಿದೆ. ಓಡಿಸಿದೆ.

ಮೊದಲು ಎಂದಿನಂತೆ ಬಣ್ಣದ ತುಂಡುಗಳು. ಅವು ಜರುಗಿದವು. ಒಂದು ಕಡಲು ಅಗಲವಾಯಿತು, ಇನ್ನೊಂದು ಕಿರಿದಾಯಿತು. ಕಿರಿದಾದ ಕಡಲಿನ ಹಳೆಯ ತಳ ಒಂದು ದೊಡ್ಡ ನೆಲದ ಅಂಚಿಗೆ ಬಂದು, ತಲೆ ತಗ್ಗಿಸಿ, ಅಡಿಗೆ ಇಳಿಯಿತು. ಅಂಚಿನಿಂದ ಸ್ವಲ್ಪ ಒಳಗೆ ನೆಲ ಉಬ್ಬಿತು. ಕಂದು ಬಣ್ಣ ಬಂತು, ಆಮೇಲೆ ಕಡುಕಂದು, ತುದಿಯಲ್ಲಿ ಬಿಳಿ. ಬೆಟ್ಟದ ಸಾಲು. ಬಳುಕಿಕೊಂಡು, ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ಒಂದು ಕಡೆ ದಾಟಿ ಹೋಗಲು ಕಣಿವೆ. ಕಡಲ ಕಡೆಗೆ ಮಳೆ ಬಿದ್ದು ಹಸಿರು ತುಂಬಿತು. ಬೆಟ್ಟದ ಈಚೆಗೆ ಮಳೆ ಕಮ್ಮಿಯಾಗಿ ಬಯಲು ಮಾಸಲು ಹಳದಿಗೆ ತಿರುಗಿತು.

ನಾನು ಎದ್ದು ನಿಂತಿದ್ದೆ. "ಬಂತು" ಅಂದೆ. "ಬಂತು, ಬಂತು, ಬಂತು." ಫೋನಿನಲ್ಲಿ ಅವನೂ ಏನೋ ಕೂಗುತ್ತಿದ್ದ, ಮಲೆಯಾಳದಲ್ಲಿ. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅವರ ಹಿಂದಿನಿಂದ ಅವ್ವ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಮೊದಲ ಸಲ, ಆ ಮೂಲೆಗೆ ಬಂದು ಬಗ್ಗಿ ನೋಡಿದಳು.

"ಯಾವೂರಮ್ಮಿ ಇದು?"

"ಇನ್ನೂ ಊರಿಲ್ಲ ಕಣವ್ವ. ಈಗ ತಾನೆ ಬೆಟ್ಟ ಎದ್ದದೆ."

ಅವ್ವ ಬಹಳ ಹೊತ್ತು ನೋಡಿದಳು. "ಇವ್ನು ಮಾಡಿದ್ದಾ?"

"ಅವ್ನೇ ಮಾಡಿದ್ದು. ಒಂದ್ ಸಾಲು ನಾನ್ ಸೇರ್ಸ್ದೆ."

"ಕೀಬೋರ್ಡ್‌ಗೆ ಮದ್ವೆ ಮಾಡ್ಬುಟ್ಟಲ್ಲೇ" ಎಂದಳು ದೊಡ್ಡಮ್ಮ. ನೋಡಿದರೆ ಅಕ್ಷರಗಳ ಮೇಲೆಲ್ಲ ಹಳದಿ ಬೆರಳು. ಅವ್ವನೇ ಮೊದಲು ನಕ್ಕಳು, ನಗುತ್ತಲೇ ಕಣ್ಣೀರು ಹಾಕಿದಳು. ಆ ಹಳದಿ ಇವತ್ತಿಗೂ ಹೋಗಿಲ್ಲ. ನಾನೂ ಉಜ್ಜಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ ಗೆಳೆಯ ಗುಂಡ್ಲುಪೇಟೆಗೆ ಬಂದ. ಅಂಗಡಿಯಲ್ಲಿ ಜೆರಾಕ್ಸಿಗೆ ನಿಂತವರ ನಡುವೆ ಇಬ್ಬರೂ ಕೂತು ಒಂದರ ಹಿಂದೆ ಒಂದು ಲೋಕ ಹುಟ್ಟಿಸಿದೆವು. ಇಪ್ಪತ್ತೋ ಇಪ್ಪತ್ತೈದೋ. ಒಂದರಲ್ಲೂ ಗೋಡೆ ಇಲ್ಲ. ಒಂದು ಲೋಕದಲ್ಲಿ ಅವನು ಬೆಟ್ಟದ ಆಚೆಯ ಹಸಿರಿನ ಮೇಲೆ ಬೆರಳಿಟ್ಟು, "ಇದು ನಮ್ಮ ಕಡೆ, ಮಳೆ" ಅಂದ. ಈಚೆಯ ಮಾಸಲು ಬಯಲಿಗೆ ಬೆರಳು ಜರುಗಿಸಿ, "ಇದು ನಿಮ್ಮದು" ಅಂದ.

"ಮಳೆಯೆಲ್ಲ ನೀವೇ ಇಟ್ಕೊಂಡು ನಮಗೆ ಬರೀ ಮೋಡ ಕಳಿಸ್ತೀರ" ಅಂದೆ.

"ಅದಕ್ಕೇ ಅಲ್ವಾ ಚೇಚಿ, ನಿಮ್ಮ ಕಡೆ ಹೂ ಚೆನ್ನಾಗಿ ಬರೋದು."

ಪಹಣಿಗೆ ಕಾಯುತ್ತಿದ್ದ ಒಬ್ಬ ಅಜ್ಜ ಬಗ್ಗಿ ನೋಡಿ, "ಇದ್ರಲ್ಲಿ ನಂ ಸರ್ವೆ ನಂಬರ್ ಎಲ್ಲದೆ?" ಎಂದು ಕೇಳಿದ. ಗೆಳೆಯ ಅಲ್ಲಿಂದಲೇ ಉಳಿದಿಬ್ಬರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಫೋನ್ ಇಟ್ಟು, "ತಗೊಂಡ್ವಿ ಚೇಚಿ, ಅವನ ನಕ್ಷೆನೇ" ಅಂದ. ನಾನು ಎದ್ದು ಹೋಗಿ ಅಜ್ಜನ ಪಹಣಿ ಪ್ರಿಂಟ್ ತೆಗೆದೆ. ಎರಡು ಪ್ರತಿ ಬಂದವು. ಒಂದೇ ಸಾಕಿತ್ತು.

ಓಣಂಗೆ ಮುಂಚೆ ಆಟ ಹೊರಗೆ ಬಂತು. ಅದರಲ್ಲಿ ಹೊಸ ಲೋಕ ಬೇಕೆಂದು ಒತ್ತಿದರೆ ಯಾವ ಬಗೆಯ ಲೋಕ ಎಂದು ಕೇಳುತ್ತದೆ. ಮೊದಲನೆಯದರ ಹೆಸರು ಕಣ. ಬದಲಿಸೋಣವೇ ಎಂದು ಅವರು ಕೇಳಿದ್ದರು. ಬೇಡ ಅಂದೆ. ನಾನು ಹೆಸರು ಕೇಳಿರದ ದೇಶಗಳವರು ಆ ಪದವನ್ನು ಒತ್ತಿ ಆಡುತ್ತಿದ್ದಾರೆ. ಈ ಆಟದಲ್ಲಿ ಬೆಟ್ಟಗಳು ಸುಮ್ಮನೆ ಇಟ್ಟ ಹಾಗಿಲ್ಲ, ಬೆಳೆದ ಹಾಗಿವೆ ಎಂದು ಯಾರೋ ಬರೆದಿದ್ದನ್ನು ಗೆಳೆಯ ಕಳಿಸಿದ್ದ. ನಾನು ಅದನ್ನು ಪ್ರಿಂಟ್ ತೆಗೆದು ಕನ್ನಡದಲ್ಲಿ ಅವ್ವನಿಗೆ ಹೇಳಿದೆ. ಅವಳು ಅದನ್ನು ಮಡಚಿ ತಮ್ಮನ ಫೋಟೋದ ಹಿಂದೆ ಇಟ್ಟಳು. ಈಗ ಆಟ ಆಡುವವರು ಎಲ್ಲೆಲ್ಲಿ ಲೋಕ ಹುಟ್ಟಿಸಿದರೂ, ಅಲ್ಲೆಲ್ಲ ಕಡಲಿಗೆ ವಯಸ್ಸಾಗುತ್ತದೆ, ಭಾರವಾಗುತ್ತದೆ, ಬೆಟ್ಟ ಏಳುತ್ತದೆ. ನನ್ನ ತಮ್ಮನ ಬೆಟ್ಟ.

ಅವನ ಹಳೆಯ ಪ್ರೋಗ್ರಾಮನ್ನು, ನಾನು ಮುಟ್ಟುವ ಮೊದಲು ಇದ್ದ ಹಾಗೆಯೇ, ಬೇರೆ ಇಟ್ಟಿದ್ದೇನೆ. ಆ ಭಾನುವಾರದ ಲೋಕ ಅದರಲ್ಲಿ ಮಾತ್ರ ಹುಟ್ಟುತ್ತದೆ. ಕೂಗಿ ಹೇಳಿದ ಸಂಖ್ಯೆ ಏಳರಿಂದ ಶುರುವಾಗಿತ್ತು, ಅದು ಖಂಡಿತ. ಉಳಿದ ಐದು ಅಂಕಿ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ದಿನಕ್ಕೆ ಹತ್ತು ಸಂಖ್ಯೆ ಹಾಕಿ ನೋಡುತ್ತೇನೆ. ಗೋಡೆಗಳು ಬರುತ್ತವೆ. ಕ್ಯಾಲೆಂಡರಿನಲ್ಲಿ ಆ ಭಾನುವಾರದ ಚೌಕ ಖಾಲಿ ಇದೆ. ಎರಡು ಬೆಟ್ಟದ ಸಾಲು ಒಂದು ಮೂಲೆಯಲ್ಲಿ ಕೂಡುವ ಲೋಕವನ್ನು ನಾನು ಇನ್ನೂ ನೋಡಿಲ್ಲ.